ಕೊಡ್ಲಿಪೇಟೆಯ ಕೊಟ್ಟಿಗೆಯಿಂದ ಯಾದವಗಿರಿಯವರೆಗೆ

ಕೊಡಗು ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ನಿಲ್ಲುವುದು ಮಡಿಕೇರಿಯ ರಾಜಾಸೀಟು, ತಲಕಾವೇರಿಯ ಕುಂಡಿಕೆ, ಮಂಜು ಕವಿದ ಬೆಟ್ಟಗಳ ಸಾಲು. ಜಿಲ್ಲೆಯ ಉತ್ತರದ ತುದಿಯಲ್ಲಿ, ಹಾಸನ ಜಿಲ್ಲೆಗೆ ಹೆಗಲು ತಾಗಿಸಿಕೊಂಡು ಕುಳಿತಿರುವ ನಮ್ಮ ಕೊಡ್ಲಿಪೇಟೆಯನ್ನು ನೋಡಲೆಂದೇ ಬರುವವರು ವಿರಳ. ಸೋಮವಾರಪೇಟೆ ತಾಲ್ಲೂಕಿನ ಈ ಪುಟ್ಟ ಊರು ಕಾಫಿ, ಮೆಣಸು ಮತ್ತು ಭತ್ತದ ಊರು. ಗಡಿಯ ಆಚೆ ಹೇಮಾವತಿ ಹರಿಯುತ್ತಾಳೆ. ಈಚೆ ಕಿರಿಕೊಡ್ಲಿ ಮಠ, ಕಲ್ಲುಮಠಗಳ ಗಂಟೆಯ ನಾದ ಕೇಳುತ್ತದೆ. 1834ರವರೆಗೆ ಕೊಡಗನ್ನಾಳಿದ ಹಾಲೇರಿ ಅರಸರು ಲಿಂಗಾಯತರೇ ಆಗಿದ್ದರೆಂಬುದನ್ನು ನಮ್ಮ ಹಿರಿಯರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಇಂತಹ ಊರಿನ ಒಂದು ದನದ ಕೊಟ್ಟಿಗೆಯಿಂದ ಆರಂಭವಾಗಿ ಮೈಸೂರಿನವರೆಗೆ ನಡೆದ ನಮ್ಮದೊಂದು ಪ್ರಯಾಣದ ವೃತ್ತಾಂತವನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ನಮ್ಮ ತಂದೆಯವರು 1968ರಲ್ಲಿ ಒಂದು ಜಾವಾ ಮೋಟಾರ್ ಸೈಕಲ್ಲನ್ನು ಕೊಂಡರು. ಗಾಢ ಕೆಂಪು ಬಣ್ಣ, ಟ್ಯಾಂಕಿನ ಮೇಲೆ ಬಂಗಾರದ ಗೆರೆ, ಎರಡು ಬದಿಗೂ ಹೊಳೆಯುವ ಸೈಲೆನ್ಸರ್. ಶನಿವಾರಸಂತೆಯ ಸಂತೆಗೆ ಹೋಗಿಬರಲು, ತೋಟದ ಆಳುಗಳಿಗೆ ಬಟವಾಡೆ ತರಲು, ಮಠದ ಜಾತ್ರೆಯ ಸಮಯದಲ್ಲಿ ಊರೂರು ಸುತ್ತಿ ದಾಸೋಹಕ್ಕೆ ಅಕ್ಕಿ ಗೊತ್ತುಮಾಡಲು ಅದೇ ವಾಹನ. 1974ರ ಮಳೆಗಾಲದ ಒಂದು ರಾತ್ರಿ ನಮ್ಮ ಅಣ್ಣನಿಗೆ ಜ್ವರ ನೆತ್ತಿಗೇರಿದಾಗ, ಅವ್ವ ಮಗುವನ್ನು ಕಂಬಳಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಹಿಂದೆ ಕುಳಿತರು. ತಂದೆಯವರು ಕೊಚ್ಚಿಹೋದ ರಸ್ತೆಯಲ್ಲಿ ವೈದ್ಯರ ಮನೆಯವರೆಗೆ ಗಾಡಿ ನಡೆಸಿದರು. ಅಣ್ಣ ಉಳಿದುಕೊಂಡರು. ಅಂದಿನಿಂದ ಅವ್ವನ ದೃಷ್ಟಿಯಲ್ಲಿ ಅದು ಬರಿಯ ಕಬ್ಬಿಣವಾಗಿ ಉಳಿಯಲಿಲ್ಲ.

1989ರಲ್ಲಿ ಎಂಜಿನ್ ಬಿಗಿದುಕೊಂಡು ನಿಂತುಹೋಯಿತು. ಗಾಡಿ ಕೊಟ್ಟಿಗೆ ಸೇರಿತು. ತಂದೆಯವರು ಲಿಂಗೈಕ್ಯರಾದ ಮೇಲೆ ಒಮ್ಮೆ ಗುಜರಿಯವನು ಬಾಗಿಲಿಗೆ ಬಂದಾಗ ನಾವೇ ಅದನ್ನು ಕೊಟ್ಟುಬಿಡಲು ಒಪ್ಪಿದ್ದೆವು. ಅವ್ವ ಹೊರಗೆ ಬಂದು, “ದನಾನೂ ಮುದಿ ಆಯ್ತು ಅಂತ ಮಾರ್ತೀರೇನಪ್ಪಾ?” ಎಂದಷ್ಟೇ ಕೇಳಿದರು. ಗುಜರಿಯವನು ಬರಿಗೈಯಲ್ಲಿ ಹಿಂದಿರುಗಿದ. ನಾವು ನಾಚಿ ಒಳಗೆ ಹೋದೆವು. ಆದರೂ ಅದನ್ನು ಮತ್ತೆ ನಡೆಸಬೇಕೆಂಬ ಸಂಕಲ್ಪ ಮೂಡಲು 2022ರ ಮಳೆಗಾಲ ಕಳೆಯಬೇಕಾಯಿತು. ಅವ್ವನಿಗೆ ಆಗ ಎಂಬತ್ತೆರಡು ವರ್ಷ. ಇನ್ನು ತಡಮಾಡಬಾರದೆನಿಸಿತು.

ಅಣ್ಣನ ಮಗ ಬೆಂಗಳೂರಿನಲ್ಲಿ ಎಂಜಿನಿಯರು. ಅವನಿಗೆ ನಮಗಿಂತ ಹೆಚ್ಚು ಉತ್ಸಾಹ. ಆದರೆ ಅವನ ಕಲ್ಪನೆಯೇ ಬೇರೆ. “ಚಿಕ್ಕಪ್ಪಾ, ಹಿಂದಿನ ಮಡ್‌ಗಾರ್ಡ್ ಕತ್ತರಿಸಿ, ಪೂರ್ತಿ ಮಾಸಲು ಕಪ್ಪು ಬಣ್ಣ ಹೊಡೆಸಿ, ಹ್ಯಾಂಡಲ್ ತಗ್ಗಿಸಿಬಿಡೋಣ. ಒಂದೇ ಸೀಟು ಸಾಕು. ನೋಡಿದವರು ತಿರುಗಿ ನೋಡ್ಬೇಕು” ಎಂದ. ಇಂದಿನ ತರುಣರಲ್ಲಿ ಇದು ರೂಢಿಯಾಗಿದೆ. ನಾವು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಮೊದಲು ಎಂಜಿನ್ ಬಲ್ಲವರನ್ನು ಕಾಣೋಣವೆಂದು ಹೇಳಿ ಮೈಸೂರಿಗೆ ಹೊರಟೆವು. ಮೈಸೂರಿಗೇ ಏಕೆ ಎಂಬುದಕ್ಕೆ ಕಾರಣವಿದೆ.

ಜಾವಾ ಹುಟ್ಟಿದ್ದು ದೂರದ ಚೆಕ್ ನಾಡಿನಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದು, ತನ್ನ ಹೆಸರಿನ ಮೊದಲ ಎರಡಕ್ಷರಕ್ಕೆ ವಾಂಡರರ್ ಹೆಸರಿನ ಮೊದಲ ಎರಡಕ್ಷರವನ್ನು ಸೇರಿಸಿ ಈ ಹೆಸರನ್ನಿಟ್ಟ. ಮುಂಬಯಿಯ ಪಾರಸಿ ಮನೆತನದ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿಯವರು 1960ರಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿ ಅದನ್ನು ಮೈಸೂರಿಗೆ ತಂದರು. 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದವರು ಅಂದು ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಗಾಡಿಗೆ ಯೆಜ್ಡಿ ಎಂಬ ಹೊಸ ಹೆಸರು ಬಂದಿತು. ರೋಡ್‌ಕಿಂಗ್‌ನಂತಹ ಮಾದರಿಗಳು ದೇಶದಾದ್ಯಂತ ಹೆಸರು ಮಾಡಿದವು. 1980ರ ದಶಕದ ಮಧ್ಯಭಾಗದಲ್ಲಿ ಜಪಾನೀ ತಂತ್ರಜ್ಞಾನದ, ಕಡಿಮೆ ಪೆಟ್ರೋಲ್ ಕುಡಿಯುವ 100 ಸಿ.ಸಿ. ಗಾಡಿಗಳು ಬಂದ ಮೇಲೆ ಬೇಡಿಕೆ ಕುಗ್ಗಿತು. ಹೊಗೆಯ ನಿಯಮಗಳು ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು ಬೇರೆ ಕಂಪನಿಯ ಮೂಲಕ 2018ರಲ್ಲಿಯೂ, ಯೆಜ್ಡಿ ಹೆಸರು 2022ರಲ್ಲಿಯೂ ಮತ್ತೆ ಮಾರುಕಟ್ಟೆಗೆ ಬಂದಿವೆ. ಆದರೆ ಹಳೆಯ ಗಾಡಿಗಳ ನಾಡಿಮಿಡಿತ ಬಲ್ಲವರನ್ನು ಇಂದಿಗೂ ಮೈಸೂರಿನ ಗಲ್ಲಿಗಳಲ್ಲಿಯೇ ಹುಡುಕಬೇಕು.

ಸರಕು ಜೀಪಿನಲ್ಲಿ ಗಾಡಿಯನ್ನು ಹಗ್ಗದಿಂದ ಬಿಗಿದು ಮುಂಜಾನೆ ಹೊರಟೆವು. ಶನಿವಾರಸಂತೆ, ಸೋಮವಾರಪೇಟೆ ದಾಟಿದಂತೆ ಕಾಫಿ ತೋಟದ ನೆರಳು ತೆಳುವಾಗುತ್ತಾ ಬರುತ್ತದೆ. ಕುಶಾಲನಗರದಲ್ಲಿ ಕಾವೇರಿಯ ಸೇತುವೆ ದಾಟಿದರೆ ಕೊಡಗು ಹಿಂದೆ ಸರಿದು ಬಯಲುಸೀಮೆಯ ಬಿಸಿಲು ಎದುರುಗೊಳ್ಳುತ್ತದೆ. ಬೈಲುಕುಪ್ಪೆಯ ಟಿಬೆಟನ್ನರ ಹೊಲಗಳು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್ನುಗಳು, ಹುಣಸೂರಿನ ಮರದ ದಿಮ್ಮಿಗಳು. ತಂದೆಯವರು ಹೊಸ ಗಾಡಿಯನ್ನು ಮನೆಗೆ ತಂದದ್ದು ಇದೇ ದಾರಿಯಲ್ಲಿ, ಇದಕ್ಕೆ ಎದುರು ದಿಕ್ಕಿನಲ್ಲಿ. ಅಂದು ಗಾಡಿ ಅವರನ್ನು ಹೊತ್ತು ತಂದಿತ್ತು; ಇಂದು ನಾವು ಅದನ್ನು ಹೊತ್ತು ಒಯ್ಯುತ್ತಿದ್ದೆವು.

ಯಾದವಗಿರಿಯಲ್ಲಿ ಒಂದು ಗಳಿಗೆ ಜೀಪು ನಿಲ್ಲಿಸಿದೆವು. ಒಂದು ಕಾಲಕ್ಕೆ ಸಾವಿರಾರು ಗಾಡಿಗಳು ಹೊರಬಿದ್ದ ಆ ಕಾರ್ಖಾನೆಯ ಶಿಳ್ಳು ಅಡಗಿ ದಶಕಗಳೇ ಕಳೆದಿವೆ. ಅಲ್ಲಿ ದುಡಿದು ಈಗ ವೃದ್ಧರಾಗಿರುವ ಫಿಟ್ಟರೊಬ್ಬರ ವಿಳಾಸ ನಮಗೆ ದೊರೆತಿತ್ತು. ಅವರು ಮನೆಯ ಮುಂದಿನ ತಗಡಿನ ಚಾವಣಿಯ ಕೆಳಗೆ ಗಾಡಿಯನ್ನು ನಿಲ್ಲಿಸಿ, ಕನ್ನಡಕ ಸರಿಪಡಿಸಿಕೊಂಡು, ಎಂಜಿನ್ನಿನ ಸಂಖ್ಯೆಯ ಮೇಲಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದರು. “ಸ್ವಾಮಿ, ಬಣ್ಣದ ಮಾತು ಆಮೇಲೆ. ಮೊದಲು ಇದು ಯಾಕೆ ಸತ್ತಿತು ಅನ್ನೋದು ಗೊತ್ತಾಗಬೇಕು” ಎಂದರು. ಆ ಮಾತು ನಮಗೆ ಬಹಳ ಹಿಡಿಸಿತು.

ಅವರು ವಿವರಿಸಿದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುವುದು ಉಪಯುಕ್ತ. ಇದು 250 ಸಿ.ಸಿ. ವರ್ಗದ, ಟೂ ಸ್ಟ್ರೋಕ್ ಮಾದರಿಯ ಎಂಜಿನ್. ಸಿಲಿಂಡರ್ ಒಂದೇ, ಆದರೆ ಹೊಗೆ ಹೋಗುವ ದಾರಿ ಎರಡು. ಆದ್ದರಿಂದಲೇ ಎರಡು ಸೈಲೆನ್ಸರ್. ಎಂಜಿನ್ನನ್ನು ಚಾಲೂ ಮಾಡುವ ಕಿಕ್ಕರ್ ಸನ್ನೆಯೇ ಅನಂತರ ಗೇರಿನ ಸನ್ನೆಯೂ ಆಗುತ್ತದೆ. ಇದರ ಎಂಜಿನ್ನಿಗೆ ಪ್ರತ್ಯೇಕ ಎಣ್ಣೆಯಿಲ್ಲ. ಲೀಟರ್ ಪೆಟ್ರೋಲಿಗೆ ಸುಮಾರು 40 ಮಿಲಿಲೀಟರ್ ಎಣ್ಣೆಯನ್ನು ಬೆರೆಸಬೇಕು. ಆ ಮಿಶ್ರಣವೇ ಒಳಗಿನ ಬೇರಿಂಗು, ಪಿಸ್ಟನ್ನುಗಳನ್ನು ತೋಯಿಸುತ್ತದೆ. ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಸೀಲುಗಳು ಒಣಗಿ ಸೀಳಿದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಅತಿಯಾಗಿ ಕಾಯುತ್ತದೆ, ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ನಮ್ಮ ಗಾಡಿಗೆ 1989ರಲ್ಲಿ ಆದದ್ದು ಇದೇ. ಕೆಲವೇ ರೂಪಾಯಿಯ ಸೀಲು ಕೆಟ್ಟು ಮೂವತ್ತಕ್ಕೂ ಹೆಚ್ಚು ವರ್ಷ ಗಾಡಿ ಕೊಟ್ಟಿಗೆಯಲ್ಲಿ ಕುಳಿತಿತು!

ಬಿಚ್ಚುವ ಕೆಲಸಕ್ಕೆ ಅವರು ಹಾಕಿಕೊಟ್ಟ ನಿಯಮ ಸರಳವಾದುದು. ಪ್ರತಿ ಹಂತದಲ್ಲೂ ಚಿತ್ರ ತೆಗೆದುಕೊಳ್ಳಬೇಕು. ಪ್ರತಿ ನಟ್ಟು ಬೋಲ್ಟನ್ನು ಚೀಟಿ ಅಂಟಿಸಿದ ಚೀಲದಲ್ಲಿಡಬೇಕು. ಜಂಗು ಹಿಡಿದದ್ದನ್ನು ಬಲವಂತದಿಂದ ತಿರುಗಿಸದೆ ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಬೇಕು. ಸಿಲಿಂಡರನ್ನು ಮತ್ತೆ ಬೋರ್ ಮಾಡಿಸಿ ಅದಕ್ಕೆ ತಕ್ಕ ದಪ್ಪನೆಯ ಪಿಸ್ಟನ್ ಹಾಕಿದರು. ಕ್ರ್ಯಾಂಕಿಗೆ ಹೊಸ ಬೇರಿಂಗು, ಹೊಸ ಸೀಲು. ಸೈಲೆನ್ಸರಿನೊಳಗೆ ಕಲ್ಲಿನಂತೆ ಗಟ್ಟಿಯಾಗಿದ್ದ ಮಸಿಯನ್ನು ತೆಗೆದ ಮೇಲೆ ಅದರ ತೂಕವೇ ಇಳಿದಂತಾಯಿತು. ಎಂಜಿನ್ ಕೆಲಸಕ್ಕೇ ಹತ್ತು ತಿಂಗಳು ಹಿಡಿದವು.

ಇದರ ನಡುವೆ ನಮ್ಮಿಂದ ಒಂದು ತಪ್ಪು ನಡೆದುಹೋಯಿತು. ಮುಂದಿನ ಮಡ್‌ಗಾರ್ಡಿನ ಮೇಲೆ ತಂದೆಯವರು ತಮ್ಮ ಕೈಯಿಂದಲೇ ಬಿಳಿಯ ಬಣ್ಣದಲ್ಲಿ ‘ಕೊಡ್ಲಿಪೇಟೆ’ ಎಂದು ಬರೆದಿದ್ದರು. ‘ಡ್ಲಿ’ಯ ಒತ್ತು ಸ್ವಲ್ಪ ಓರೆಯಾಗಿತ್ತು. ಬಣ್ಣದ ಕೆಲಸಕ್ಕೆಂದು ಬಿಡಿಭಾಗಗಳನ್ನು ಕಾರ್ಯಾಗಾರವೊಂದಕ್ಕೆ ಕೊಡುವಾಗ ಅದನ್ನು ಹೇಳಲು ಮರೆತೆವು. ಮರುವಾರ ಹೋಗಿ ನೋಡಿದರೆ ಎಲ್ಲವನ್ನೂ ಉಜ್ಜಿ ಬರಿಯ ತಗಡು ಮಾಡಿಟ್ಟಿದ್ದರು. ಅವರದೇನೂ ದೋಷವಲ್ಲ, ಹೇಳದಿದ್ದ ದೋಷ ನಮ್ಮದು. ಅವ್ವ ತಗಡಿನ ಮೇಲೆ ಒಮ್ಮೆ ಬೆರಳಾಡಿಸಿ ಒಳಗೆ ಹೋದರು. ಆ ದಿನ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಹಳೆಯ ಭಾವಚಿತ್ರ ನೋಡಿ ಮತ್ತೆ ಬರೆಸುತ್ತೇನೆಂದು ಅಣ್ಣನ ಮಗ ಮುಂದೆ ಬಂದ. ಅವ್ವ, “ಬೇಡ ಕಂದ, ಅದು ಬೇರೆಯವರ ಕೈ ಆಗ್ತದೆ” ಎಂದರು. ಆ ಜಾಗ ಇಂದಿಗೂ ಖಾಲಿಯಾಗಿಯೇ ಇದೆ.

ಉಳಿದ ತಗಡುಗಳನ್ನು ಅಂದೇ ಮನೆಗೆ ತಂದೆವು. ಬದಿಯ ಸಲಕರಣೆ ಪೆಟ್ಟಿಗೆಯ ಮುಚ್ಚಳಕ್ಕೆ ಇನ್ನೂ ಕೈ ಹಚ್ಚಿರಲಿಲ್ಲ. ಅದರ ಒಳಮೈಯಲ್ಲಿ ಜಿಡ್ಡನ್ನು ಒರೆಸಿದಾಗ ಕಂಡದ್ದು ತಂದೆಯವರ ಅಕ್ಷರಗಳ ಸಾಲು: ತಾರೀಖು, ಓಡಿದ ಕಿಲೋಮೀಟರು, ಪ್ಲಗ್ ಬದಲಿಸಿದ್ದು, ಚೈನ್ ಬಿಗಿ ಮಾಡಿದ್ದು. 1974ರ ಜುಲೈ ತಿಂಗಳ ಸಾಲಿನಲ್ಲಿ ‘ರಾತ್ರಿ, ಮಗು’ ಎಂದಷ್ಟೇ ಇತ್ತು. ಅಣ್ಣನ ಮಗ ಅದನ್ನು ಎರಡು ಸಲ ಓದಿದ. ತನ್ನ ತಂದೆಯ ಮಾತೇ ಅದೆಂದು ಅವನಿಗೆ ತಿಳಿಯಿತು. ಅಂದಿನಿಂದ ಮಡ್‌ಗಾರ್ಡ್ ಕತ್ತರಿಸುವ ಮಾತನ್ನು ಅವನೂ ಎತ್ತಲಿಲ್ಲ, ನಾವೂ ಕೇಳಲಿಲ್ಲ.

ಹಾಗೆಂದು ಎಲ್ಲವನ್ನೂ 1968ರಂತೆಯೇ ಇಡಬೇಕೆಂಬ ಹಟವೂ ನಮಗಿರಲಿಲ್ಲ. ಹಳತನ್ನು ಕೆಡಿಸದೆ, ಬೇಕೆಂದಾಗ ಹಿಂದಕ್ಕೆ ತೆಗೆಯಬಹುದಾದ ಬದಲಾವಣೆ ಮಾತ್ರ ಸಾಕೆಂದು ನಿಶ್ಚಯಿಸಿದೆವು. ಆರು ವೋಲ್ಟಿನ ಹಳೆಯ ವಿದ್ಯುತ್ ವ್ಯವಸ್ಥೆಯ ಬೆಳಕು ನಮ್ಮ ಮಂಜಿನ ದಾರಿಗೆ ಸಾಲದು. ಹನ್ನೆರಡು ವೋಲ್ಟಿನದನ್ನೂ ಎಲೆಕ್ಟ್ರಾನಿಕ್ ಇಗ್ನಿಷನ್ನನ್ನೂ ಜೋಡಿಸಿ ಹಳೆಯ ಡೈನಮೊವನ್ನು ಪೆಟ್ಟಿಗೆಯಲ್ಲಿ ಕಾಪಿಟ್ಟೆವು. ಬ್ರೇಕಿಗೆ ಹೊಸ ಲೈನಿಂಗ್, ಎರಡು ಕನ್ನಡಿ, ಹಿಂದೆ ಚರ್ಮದ ಚೀಲ ಇಡಲು ಸಣ್ಣ ಕ್ಯಾರಿಯರ್. ಸೀಟು ಇಬ್ಬರು ಕೂರುವಂತಹುದೇ; ಅದರ ಹೊದಿಕೆ ಮಾತ್ರ ಅಣ್ಣನ ಮಗನ ಆಯ್ಕೆಯ ಕಾಫಿ ಬಣ್ಣದ್ದು. ಹಿಂದಿನ ಚಕ್ರದ ಸೀರೆ ಗಾರ್ಡನ್ನು ತೆಗೆಯಬಾರದೆಂದು ಅವ್ವ ಮೊದಲೇ ಆಜ್ಞೆ ಮಾಡಿದ್ದರು. ಕೆಂಪು ಬಣ್ಣ ಒಣಗಿದ ಮೇಲೆ ಬಂಗಾರದ ಗೆರೆಗಳನ್ನು ಎಳೆದವರು ಅಂಗಡಿಗಳ ಫಲಕ ಬರೆಯುವ ಹಿರಿಯ ಕಲಾವಿದರು. ಅಳತೆಪಟ್ಟಿಯಿಲ್ಲದೆ, ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಎಳೆದ ಆ ಗೆರೆಯ ಚೆಲುವು ಯಂತ್ರಕ್ಕೆ ದಕ್ಕುವಂತಹುದಲ್ಲ. ಮುಚ್ಚಳದ ಒಳಮೈಗೆ ಮಾತ್ರ ಬಣ್ಣ ತಾಗಿಸಲಿಲ್ಲ.

ಇಂತಹ ಕೆಲಸಕ್ಕೆ ಇಳಿಯುವ ತರುಣರು ಕಾನೂನನ್ನೂ ತಿಳಿದಿರಬೇಕು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನೀಡಿದ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನದ ರಚನೆಯನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವೂ 2019ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಬಣ್ಣ ಬದಲಿಸಿದರೆ ನೋಂದಣಿ ಪತ್ರದಲ್ಲಿ ಅದನ್ನು ನಮೂದಿಸಬೇಕು. ಹದಿನೈದು ವರ್ಷ ದಾಟಿದ ಗಾಡಿಗೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕು. ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ವಾಹನಗಳಿಗಾಗಿ ಕೇಂದ್ರ ಸರ್ಕಾರವು 2021ರಲ್ಲಿ ಪ್ರತ್ಯೇಕ ನೋಂದಣಿ ನಿಯಮಗಳನ್ನೂ ತಂದಿದೆ. ನಮ್ಮ ಗಾಡಿ ಮಾತ್ರ ‘ಎಂ.ವೈ.’ ಎಂದು ಆರಂಭವಾಗುವ ಮೈಸೂರು ರಾಜ್ಯ ಕಾಲದ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಂಡಿದೆ.

2024ರ ಜುಲೈ ತಿಂಗಳ ಎರಡನೆಯ ಭಾನುವಾರ, ಜಾವಾ ಅಭಿಮಾನಿಗಳು ಊರೂರಲ್ಲಿ ಜಾವಾ ದಿನವನ್ನು ಆಚರಿಸುವ ದಿನದಂದೇ ಗಾಡಿ ಮನೆಗೆ ಬಂದಿತು. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಅಣ್ಣನ ಮಗ ಊರ ತಿರುವಿನಿಂದ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದ. ಅವ್ವ ಜಗಲಿಯಲ್ಲಿ ಕುಳಿತಿದ್ದರು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು. “ಸದ್ದು ಅದೇ ಕಣಪ್ಪಾ. ಆದ್ರೆ ನಿಮ್ಮ ಅಪ್ಪಾಜಿ ಆ ತಿರುವಲ್ಲಿ ಇಷ್ಟು ಜೋರಾಗಿ ಬರ್ತಿರ್ಲಿಲ್ಲ” ಎಂದು ಮೊಮ್ಮಗನನ್ನು ಗದರಿಸಿ, ವಿಭೂತಿಯ ಗಟ್ಟಿ ತರಲು ಸೊಸೆಗೆ ಹೇಳಿದರು.

ಈಗ ಗಾಡಿ ತಿಂಗಳಿಗೆರಡು ಸಲ ಶನಿವಾರಸಂತೆಗೆ ಹೋಗಿಬರುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುವುದರಿಂದ ಅದು ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಆದ್ದರಿಂದ ಪೈಪುಗಳನ್ನು ಬದಲಿಸಿದ್ದೇವೆ. ದೀರ್ಘಕಾಲ ನಿಲ್ಲಿಸುವಾಗ ಟ್ಯಾಂಕು, ಕಾರ್ಬ್ಯುರೇಟರುಗಳನ್ನು ಬರಿದು ಮಾಡುತ್ತೇವೆ. ಪ್ರತಿಯೊಂದು ಕೆಲಸವನ್ನೂ ಅಣ್ಣನ ಮಗ ಅದೇ ಮುಚ್ಚಳದ ಒಳಗೆ, ತನ್ನ ತಾತನ ಕೊನೆಯ ಸಾಲಿನ ಕೆಳಗೆ ಬರೆಯುತ್ತಿದ್ದಾನೆ. ಇನ್ನೂ ಅರ್ಧ ಮುಚ್ಚಳದಷ್ಟು ಜಾಗವಿದೆ.

ಓದುಗ ಬಂಧುಗಳ ಮನೆಯ ಕೊಟ್ಟಿಗೆಯಲ್ಲೋ ಅಟ್ಟದಲ್ಲೋ ಇಂತಹುದೊಂದು ವಸ್ತು ಇದ್ದೀತು. ಅದನ್ನು ಗುಜರಿಗೆ ಕೊಡುವ ಮೊದಲು, ಬಣ್ಣಕ್ಕೆ ಕಳುಹಿಸುವ ಮೊದಲು, ಅದರ ಒಳಮೈಯನ್ನು ಒಮ್ಮೆ ಒರೆಸಿ ನೋಡಿರೆಂದು ನಮ್ಮ ವಿನಂತಿ.