ಅತ್ತಿಗೆ ಕೊಟ್ಟ ಯೆಜ್ಡಿ

ಹಳೆಯ ಮೋಟಾರ್ ಸೈಕಲ್ಲನ್ನು ಇಟ್ಟುಕೊಂಡವನಿಗೆ ಏಕಾಂತವೆಂಬುದು ಇಲ್ಲ. ಪೆಟ್ರೋಲ್ ಬಂಕಿನಲ್ಲಿ ನಿಂತರೆ ಯಾರೋ ಒಬ್ಬರು ಹತ್ತಿರ ಬಂದು, "ಸ್ವಾಮಿ, ಇದು ಯಾವ ಇಸವಿಯದು?" ಎಂದು ಕೇಳುತ್ತಾರೆ. "1986" ಎಂದರೆ ಕಣ್ಣರಳಿಸಿ, "ನಮ್ಮ ಸೋದರಮಾವನ ಹತ್ತಿರವೂ ಒಂದಿತ್ತು" ಎನ್ನುತ್ತಾರೆ. ಯೆಜ್ಡಿ ಇಲ್ಲದ ಸೋದರಮಾವನೇ ಈ ಸೀಮೆಯಲ್ಲಿ ಇರಲಿಲ್ಲವೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ! ಎರಡನೆಯ ಪ್ರಶ್ನೆ ಸಿದ್ಧವಾಗಿಯೇ ಇರುತ್ತದೆ: "ಕೊಡುತ್ತೀರಾ?" ಇದಕ್ಕೆ ನಾನು ವರ್ಷಾನುಗಟ್ಟಲೆ ನಗುತ್ತ ತಲೆಯಾಡಿಸುತ್ತ ಬಂದವನು. ಈಚೆಗೆ ಆ ನಗು ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಕಾರಣ, ನನ್ನ ಎಡಮಂಡಿ.

ಗಾಡಿ ನನ್ನದೆಂದು ಹೇಳಿಕೊಂಡರೂ ನಿಜವಾಗಿ ಅದು ಅಣ್ಣನದು. ಅಣ್ಣ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವ ವಿಭಾಗದಲ್ಲಿದ್ದರು. ಇರಾನಿ ಮನೆತನದವರು 1960ರಲ್ಲಿ ಕಟ್ಟಿದ ಕಂಪನಿ ಅದು. ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಮೊದಲು ಅಲ್ಲಿ ತಯಾರಾಗುತ್ತಿದ್ದುದು ಝೆಕೊಸ್ಲೊವಾಕಿಯದ ಜಾವಾ. ಯಾನೆಚೆಕ್ ಎಂಬ ಝೆಕ್ ಉದ್ಯಮಿ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸೈಕಲ್ ವ್ಯವಹಾರವನ್ನು ಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಬೆಸೆದು ಇಟ್ಟ ಹೆಸರದು. 1970ರ ದಶಕದಲ್ಲಿ ನಮ್ಮ ಗಾಡಿಗೆ ಯೆಜ್ಡಿ ಎಂದು ಮರುನಾಮಕರಣವಾಯಿತು. 1978ರಲ್ಲಿ ಬಂದದ್ದು ರೋಡ್‌ಕಿಂಗ್. ಸುಮಾರು 250 ಸಿಸಿಯ ಒಂದೇ ಸಿಲಿಂಡರು, ಅದಕ್ಕೆ ಎರಡು ಸೈಲೆನ್ಸರು. ಒಂದೇ ಬಾಯಿಯ ಮನುಷ್ಯನಿಗೆ ಎರಡು ದನಿ ಇದ್ದ ಹಾಗೆ. ಹೆಸರು ರಸ್ತೆಯ ರಾಜನೆಂದಾದರೂ ಅಣ್ಣ ಅದನ್ನು ಕರೆಯುತ್ತಿದ್ದುದು "ನಮ್ಮ ಹುಡುಗ" ಎಂದು.

ಇಂದಿನ ಮೋಟಾರ್ ಸೈಕಲ್ಲುಗಳ ವೇಗದ ಮುಂದೆ ಇದರದು ಏನೂ ಅಲ್ಲ. ಆದರೆ ಆ ಕಾಲದಲ್ಲಿ ಹುಣಸೂರಿನ ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರು ಹೋಗುವಾಗ, ಎದೆಗೆ ಗಾಳಿ ಬಡಿಯುವಾಗ, ಕಣ್ಣಿನಲ್ಲಿ ನೀರು ತುಂಬಿ ಸಾಲುಮರಗಳೆಲ್ಲ ಒಂದೇ ಹಸಿರು ಗೋಡೆಯಾಗುವಾಗ, ಅದಕ್ಕಿಂತ ಹೆಚ್ಚಿನ ವೇಗ ಮನುಷ್ಯನಿಗೆ ಏತಕ್ಕೆ ಬೇಕು ಎನ್ನಿಸುತ್ತಿತ್ತು. ಈಗಲೂ ಹಾಗೆಯೇ ಅನ್ನಿಸುತ್ತದೆ. ವೇಗವೆಂಬುದು ಅಂಕಿಯಲ್ಲಿ ಇಲ್ಲ. ಗಾಡಿ ತನ್ನ ಶಕ್ತಿಯಲ್ಲಿ ಎಷ್ಟನ್ನು ನಮಗೆ ಕೊಡುತ್ತಿದೆ ಎಂಬುದರಲ್ಲಿದೆ. ನನ್ನ ಮಗನ ಕಾರಿನಲ್ಲಿ ನೂರಿಪ್ಪತ್ತರಲ್ಲಿ ಹೋಗುವಾಗ ನಾನು ನಿದ್ದೆ ಮಾಡುತ್ತೇನೆ.

ಈ ಗಾಡಿಯ ಶಾಸ್ತ್ರ ಬೇರೆ. ಇದರಲ್ಲಿ ಗೇರಿನ ಕಡ್ಡಿಯೂ ಕಿಕ್ಕರೂ ಒಂದೇ. ಎಡಗಡೆಯಿರುವ ಆ ಕಡ್ಡಿಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರು. ಎಂಜಿನ್ ಎದ್ದ ಮೇಲೆ ಕೆಳಗಿಳಿಸಿದರೆ ಗೇರು. ಗೊತ್ತಿಲ್ಲದವರು ಗಾಡಿಯ ಸುತ್ತ ಎರಡು ಪ್ರದಕ್ಷಿಣೆ ಬಂದು ಕಿಕ್ಕರು ಕಾಣದೆ ಪೆಚ್ಚಾಗುವುದನ್ನು ನೋಡುವುದು ನಮ್ಮಂಥವರ ಸಣ್ಣ ಸಂತೋಷಗಳಲ್ಲೊಂದು. ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಲೀಟರಿಗೆ ಮೂವತ್ತು ನಲವತ್ತು ಮಿಲಿಲೀಟರು. ಕಡಿಮೆಯಾದರೆ ಪಿಸ್ಟನ್ ಹಿಡಿಯುತ್ತದೆ, ಹೆಚ್ಚಾದರೆ ಹೊಗೆ ಬರುತ್ತದೆ, ಪ್ಲಗ್ಗು ಕರಿಕಟ್ಟುತ್ತದೆ. ಅಳತೆಯ ವಿಷಯದಲ್ಲಿ ಅಣ್ಣ ಹಳೆಯ ಕಾಲದ ವೈದ್ಯರಷ್ಟು ಕಟ್ಟುನಿಟ್ಟು.

ಒಮ್ಮೆ ಅಣ್ಣನ ಹಿಂದೆ ಕುಳಿತು ಮಡಿಕೇರಿಯ ದಾರಿಯಲ್ಲಿ ಮಂಗಳೂರಿಗೆ ಹೋಗಿದ್ದೆ. ಸಂಪಾಜೆ ಘಾಟಿಯನ್ನು ಇಳಿಯುವಾಗ ಅವರು ಮಧ್ಯೆ ಮಧ್ಯೆ ಸುಮ್ಮನೆ ಎಂಜಿನನ್ನು ರೇಗಿಸುತ್ತಿದ್ದರು. ಇದು ಯಾವ ಹುಡುಗಾಟಿಕೆ ಎಂದು ನಾನು ಕೇಳಿದೆ. ಅವರು ಗಾಡಿ ನಿಲ್ಲಿಸಿ, ಪಾಠ ಹೇಳುವವರಂತೆ ವಿವರಿಸಿದರು: "ಇದಕ್ಕೆ ಎಣ್ಣೆ ಹೋಗುವುದು ಪೆಟ್ರೋಲಿನ ಜೊತೆಗೇ ಅಲ್ಲವೇನೋ? ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿಬಿಟ್ಟರೆ ಒಳಗೆ ಪಿಸ್ಟನ್ ಓಡುತ್ತಲೇ ಇರುತ್ತದೆ, ಎಣ್ಣೆ ಮಾತ್ರ ಸಿಗುವುದಿಲ್ಲ. ಆಗಾಗ ಒಂದು ಗುಟುಕು ಕೊಡಬೇಕು." ಅಂದಿನಿಂದ ನಾನು ಎಂಥ ಇಳಿಜಾರಿನಲ್ಲೂ ಆ ಗುಟುಕನ್ನು ಮರೆತಿಲ್ಲ.

1980ರ ದಶಕದ ನಡುವಿನಲ್ಲಿ ಜಪಾನಿನ ತಂತ್ರದ 100 ಸಿಸಿ ಗಾಡಿಗಳು ಬಂದವು. ಲೀಟರಿಗೆ ಅವು ಓಡುವ ದೂರವನ್ನು ಕೇಳಿ ಗೃಹಸ್ಥರೆಲ್ಲ ಅತ್ತ ತಿರುಗಿದರು. ಅವರನ್ನು ಆಕ್ಷೇಪಿಸುವಂತಿಲ್ಲ, ತಿಂಗಳ ಕೊನೆಯ ವಾರದ ಕಷ್ಟ ಎಲ್ಲರಿಗೂ ಗೊತ್ತು. ಹೊಗೆಯ ಬಗ್ಗೆ ಸರ್ಕಾರದ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಣ್ಣನಿಗೆ ಆಗ ನಲವತ್ತನಾಲ್ಕು ವರ್ಷ. ಮುಂದೆ ಅಗ್ರಹಾರದಲ್ಲಿ ಒಂದು ಸಣ್ಣ ವಿದ್ಯುತ್ ಸಾಮಾನಿನ ಅಂಗಡಿ ಹಾಕಿ ಸಂಸಾರ ನಡೆಸಿದರು. ಆದರೆ ನಡುವೆ ಎರಡು ವರ್ಷ ಕೈಯಲ್ಲಿ ಏನೂ ಇರಲಿಲ್ಲ. ಆ ಎರಡು ವರ್ಷ ಗಾಡಿ ಹಿತ್ತಿಲ ಚಪ್ಪರದ ಕೆಳಗೆ ನಿಂತಿತ್ತು. ಪ್ರತಿ ಭಾನುವಾರ ಅದನ್ನು ಒರೆಸುತ್ತಿದ್ದರಂತೆ, ಟ್ಯಾಂಕಿನ ಮೇಲೆ ಕೈಯಾಡಿಸುತ್ತಿದ್ದರಂತೆ, ಸ್ಟಾರ್ಟ್ ಮಾಡುತ್ತಿರಲಿಲ್ಲ. ಇದನ್ನು ಅಣ್ಣ ನನಗೆ ಎಂದೂ ಹೇಳಲಿಲ್ಲ. 2010ರಲ್ಲಿ ಅವರು ತೀರಿಕೊಂಡ ಮೇಲೆ, ವೈಕುಂಠ ಸಮಾರಾಧನೆಯ ಮರುದಿನ, ಅತ್ತಿಗೆ ನನ್ನ ಕೈಗೆ ಬೀಗದಕೈ ಕೊಡುವಾಗ ಹೇಳಿದರು.

"ಮಾರಿದರೂ ನನಗೇನೂ ಬೇಸರವಿಲ್ಲಪ್ಪ. ಆದರೆ ನಿಲ್ಲಿಸಿಕೊಂಡು ಮಾತ್ರ ಇರಬೇಡ. ನಿಂತ ಗಾಡಿಯನ್ನು ನಾನು ಎರಡು ವರ್ಷ ನೋಡಿದ್ದೇನೆ."

ಹಾಗಾಗಿ ಓಡಿಸಿದೆ. ಬೆಂಗಳೂರಿನಿಂದ ಮೈಸೂರಿಗೆ ತಿಂಗಳಿಗೊಮ್ಮೆಯಾದರೂ, ಮದ್ದೂರಿನಲ್ಲಿ ವಡೆ ತಿಂದು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ನಮ್ಮಂಥವರು ಸೇರುತ್ತೇವೆ. ಅಲ್ಲಿಯ ಹೊಗೆಯಲ್ಲಿ ಯಾರ ಮುಖವೂ ಕಾಣುವುದಿಲ್ಲ, ಆದರೂ ಎಲ್ಲರೂ ನಗುತ್ತಿರುತ್ತಾರೆ. 2023ರ ಮಾರ್ಚಿಯಲ್ಲಿ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ಎರಡು ಚಕ್ರದ ವಾಹನಗಳಿಗೆ ಪ್ರವೇಶವಿಲ್ಲವೆಂದಾಯಿತು. ರಸ್ತೆಯ ರಾಜನಿಗೆ ರಸ್ತೆಯೇ ಇಲ್ಲ! ಅಪಘಾತಗಳ ಸುದ್ದಿ ಓದುತ್ತಿದ್ದ ನಾನು ಆ ಆಜ್ಞೆ ತಪ್ಪೆನ್ನಲಾರೆ. ಅಂದಿನಿಂದ ಕನಕಪುರ, ಮಳವಳ್ಳಿ, ಬನ್ನೂರಿನ ದಾರಿ ಹಿಡಿದೆ. ಬತ್ತದ ಗದ್ದೆ, ಕಬ್ಬಿನ ಗದ್ದೆಗಳ ನಡುವಿನ ಆ ದಾರಿ ಈ ಗಾಡಿಯ ಗತ್ತಿಗೆ ಹೇಳಿ ಮಾಡಿಸಿದಂತಿದೆ.

ಕಾನೂನಿನ ಲೆಕ್ಕದಲ್ಲಿ ನಮ್ಮ ಹುಡುಗನ ಸ್ಥಿತಿ ವಿಚಿತ್ರ. 2021ರ ನಿಯಮದಂತೆ ವಿಂಟೇಜ್ ಎನ್ನಿಸಿಕೊಳ್ಳಲು ಐವತ್ತು ವರ್ಷ ದಾಟಿರಬೇಕು. ಇವನಿಗೆ ಆ ಗೌರವ ಬರುವುದು 2036ಕ್ಕೆ. ಅಲ್ಲಿಯವರೆಗೆ ಅವನು ಬರಿಯ ಹಳೆಯ ಗಾಡಿ. ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿ, ಹಸಿರು ತೆರಿಗೆ ಕಟ್ಟಿ, ವಯಸ್ಸಾದುದಕ್ಕೆ ದಂಡ ತೆರುತ್ತಿದ್ದಾನೆ. ನಾನೂ ಅದೇ ಅವಸ್ಥೆಯವನಾದ್ದರಿಂದ ನಮ್ಮಿಬ್ಬರಿಗೆ ಹೊಂದಿಕೆ ಚೆನ್ನಾಗಿದೆ.

ಕಳೆದ ವರ್ಷ ಮಂಡಿ ಸವೆದಿದೆಯೆಂದರು ವೈದ್ಯರು. ಕಿಕ್ ಹೊಡೆಯಕೂಡದು. ಈ ಗಾಡಿಗೆ ಗುಂಡಿ ಒತ್ತಿದರೆ ಏಳುವ ಉಪಾಯವಿಲ್ಲ. ನಾಲ್ಕು ತಿಂಗಳು ಅದು ನಮ್ಮ ಗೇಟಿನೊಳಗೆ ನಿಂತಿತು. ಒಂದು ಭಾನುವಾರ ಬೆಳಿಗ್ಗೆ, ಬಟ್ಟೆ ಹಿಡಿದು ಒರೆಸುತ್ತಿದ್ದೆ. ಟ್ಯಾಂಕಿನ ಮೇಲೆ ಕೈಯಿಟ್ಟಾಗ ನನ್ನ ಕೈ ತಾನಾಗಿಯೇ ನಿಂತುಬಿಟ್ಟಿತು. ಆ ಹೊತ್ತಿಗೇ ಒಳ್ಳೆಯ ಬೆಲೆ ಹೇಳಿದ ಒಬ್ಬರು ಸಂಗ್ರಾಹಕರು ಬಂದು ಹೋಗಿದ್ದರು. ಅವರ ಬಳಿ ಈಗಾಗಲೇ ಇಪ್ಪತ್ತು ಗಾಡಿಗಳಿವೆಯಂತೆ, ಗಾಜಿನ ಕೋಣೆಯಲ್ಲಿ. ನಾನು ಒಳಗೆ ಹೋಗಿ ಅತ್ತಿಗೆಗೆ ಫೋನು ಮಾಡಿ, ನಡೆದುದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಗಾಜಿನ ಕೋಣೆಯವರು ಓಡಿಸುತ್ತಾರೇನು?" ಎಂದು ಕೇಳಿದರು.

ಮುಂದಿನ ಶನಿವಾರ ಅಣ್ಣನ ಮೊಮ್ಮಗಳು ಬಂದಿಳಿದಳು. ಇಪ್ಪತ್ತೊಂದರ ಹುಡುಗಿ, ಎಂಜಿನಿಯರಿಂಗ್ ಓದುತ್ತಿರುವವಳು. "ಚಿಕ್ಕತಾತ, ಅಜ್ಜಿ ಕಳಿಸಿದರು. ಕಲಿಸಿಕೊಡಿ" ಎಂದಳು. ನನ್ನ ಹೆಂಡತಿ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಟ್ಯಾಂಕಿನ ಹಳೆಯ ಪೆಟ್ರೋಲನ್ನು ತೆಗೆದು, ಕಾರ್ಬುರೇಟರ್ ಬಿಚ್ಚಿ ತೊಳೆದೆವು. ಕಿಕ್ಕಿನಲ್ಲಿ ಹುಡುಗಿ ಮೊದಲ ದಿನ ಹದಿನೆಂಟು ಸಲ ಸೋತಳು. ಹತ್ತೊಂಬತ್ತನೆಯದಕ್ಕೆ ಎಂಜಿನ್ ಎದ್ದು ಇಡೀ ಬೀದಿಗೆ ನೀಲಿ ಹೊಗೆ ಹರಡಿತು. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು. ಒಂಬತ್ತು ವಾರಾಂತ್ಯ ಕಲಿತಳು. ನನಗಿಂತ ಅವಳ ಗೇರು ನಯವಾಗಿದೆಯೆಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಹತ್ತನೆಯ ಭಾನುವಾರ ಬನ್ನೂರಿನ ದಾರಿಯಲ್ಲಿ ಅವಳು ಗಾಡಿಯಲ್ಲಿ ಮುಂದೆ, ನಾನು ಮಗನ ಕಾರಿನಲ್ಲಿ ಹಿಂದೆ ಹೊರಟೆವು. ಮಳವಳ್ಳಿ ದಾಟಿ ಒಂದು ಇಳಿಜಾರು ಬಂದಾಗ ನಾನು ಕಿಟಕಿ ಇಳಿಸಿ ಕಿವಿಗೊಟ್ಟೆ. ನಡುವೆ ಒಮ್ಮೆ ಎಂಜಿನ್ ರೇಗಿತು. ಸ್ವಲ್ಪ ದೂರ ಹೋದ ಮೇಲೆ ಮತ್ತೊಮ್ಮೆ. ಮಗ, "ಅವಳೇಕೆ ಹಾಗೆ ಮಾಡುತ್ತಿದ್ದಾಳೆ ಅಪ್ಪ?" ಎಂದು ಕೇಳಿದ. ನಾನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಮೈಸೂರಿನ ಮನೆಯ ತಿರುವಿನಲ್ಲಿ ಶಬ್ದ ಕೇಳಿಯೇ ಅತ್ತಿಗೆ ಗೋಡೆ ಹಿಡಿದುಕೊಂಡು ಗೇಟಿನವರೆಗೆ ಬಂದಿದ್ದರು. ಹುಡುಗಿ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಮೆಚ್ಚುಗೆಗಾಗಿ ಅಜ್ಜಿಯ ಮುಖ ನೋಡಿದಳು. ಅತ್ತಿಗೆ ಅವಳತ್ತ ನೋಡಲೇ ಇಲ್ಲ. ಹಿಂದಕ್ಕೆ ಹೋಗಿ, ಸೈಲೆನ್ಸರುಗಳ ಕಡೆ ಬಾಗಿ, ಮೂಗಿಗೆ ಸೆರಗು ಹಿಡಿದು ನನ್ನತ್ತ ತಿರುಗಿದರು.

"ಎಣ್ಣೆ ಜಾಸ್ತಿಯಾಗಿದೆಯಲ್ಲೋ! ನೋಡು, ಎಷ್ಟು ಹೊಗೆ!"