ಒಂದು ಸಣ್ಣ ವಿಮಾನವೂ ಅದರ ಉಷ್ಣವೂ

ಈ ಸ್ಮರಣಸಂಚಿಕೆಗೆ ನಾನೂ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ವಿದ್ಯಾರ್ಥಿನಿಯರು ಕೇಳಿಕೊಂಡರು. ಮುಖ್ಯೋಪಾಧ್ಯಾಯಿನಿಯ ಲೇಖನವೆಂದರೆ ಶಿಸ್ತನ್ನೋ ಸಮಯಪಾಲನೆಯನ್ನೋ ಕುರಿತದ್ದಾಗಿರಬೇಕೆಂಬುದು ವಾಡಿಕೆ. ಅವೆರಡನ್ನೂ ಕುರಿತು ಬೆಳಗಿನ ಸಭೆಯಲ್ಲಿ ಬೇಕಾದಷ್ಟು ಹೇಳಿಯಾಗಿರುತ್ತದೆ. ಆದುದರಿಂದ, ಈ ವರ್ಷ ಐದು ತಿಂಗಳ ಕಾಲ ನಮ್ಮ ವಿಜ್ಞಾನ ಸಂಘದ ಹುಡುಗಿಯರ ವಶದಲ್ಲಿದ್ದ ಒಂದು ಸಣ್ಣ ಯುದ್ಧವಿಮಾನದ ವಿಚಾರವನ್ನು ಬರೆಯುತ್ತೇನೆ. ಇದರ ವಿಷಯವಾಗಿ ಪೋಷಕರೊಬ್ಬರು ನನಗೆ ಪತ್ರ ಬರೆದಿದ್ದರು. ಅವರಿಗೆ ಸಲ್ಲಬೇಕಾದ ಉತ್ತರವೂ ಇದರಲ್ಲಿ ಅಡಗಿರುತ್ತದೆ.

ವಿಮಾನವು ನನ್ನ ಅಣ್ಣನದು. ಆತನು ಇಪ್ಪತ್ತು ವರ್ಷ ವಾಯುಸೇನೆಯಲ್ಲಿ ಇಂಜಿನುಗಳ ದುರಸ್ತಿಯನ್ನು ಮಾಡಿ ನಿವೃತ್ತನಾದವನು. ನಿವೃತ್ತಿಯ ಬಳಿಕ ಉಳಿದವರು ಸೈಟು ಕೊಂಡರೆ ಈತನು ಬಾಲ್ಸಾ ಮರವನ್ನು ಕೊಂಡನು. ಮೂರು ವರ್ಷ ಕುಳಿತು ಮಾಡಿದ್ದು ಥಂಡರ್‌ಬೋಲ್ಟ್ ಎಂಬ ಅಮೆರಿಕದ ವಿಮಾನದ ಐದರಲ್ಲೊಂದು ಅಳತೆಯ ಪ್ರತಿಕೃತಿ. ನಿಜವಾದ ವಿಮಾನವು 1941ನೆಯ ಇಸವಿಯ ಮೇ ತಿಂಗಳಲ್ಲಿ ಮೊದಲು ಹಾರಿತು. ಅದರ ಮೂತಿಯಲ್ಲಿ 18 ಸಿಲಿಂಡರುಗಳ, ಸುಮಾರು 2000 ಕುದುರೆಶಕ್ತಿಯ ಇಂಜಿನು ಇತ್ತು. ಅದನ್ನು ತಣ್ಣಗಿಡುತ್ತಿದ್ದುದು ಬರಿಯ ಗಾಳಿ, ನೀರಲ್ಲ. 1944ರಲ್ಲಿ ನಮ್ಮ ಯಲಹಂಕದ ವಿಮಾನನೆಲೆಯಲ್ಲಿಯೇ ಬ್ರಿಟಿಷ್ ವಾಯುಸೇನೆಯ ಚಾಲಕರು ಬರ್ಮಾದ ಯುದ್ಧಕ್ಕೆ ಹೋಗುವ ಮೊದಲು ಈ ವಿಮಾನವನ್ನು ನಡೆಸುವುದನ್ನು ಕಲಿತರು. ಆಗ ಹುಡುಗರಾಗಿದ್ದ ನಮ್ಮ ತಾತನವರು ಅದನ್ನು ‘ಹಂಡೆಮೂತಿ’ ಎಂದು ಕರೆಯುತ್ತಿದ್ದರು. ಅಣ್ಣನು ಇಷ್ಟು ವಿಮಾನಗಳಲ್ಲಿ ಇದನ್ನೇ ಆರಿಸಿಕೊಂಡದ್ದಕ್ಕೆ ಆ ಒಂದು ಮಾತೇ ಕಾರಣವೆಂದು ನನ್ನ ಎಣಿಕೆ.

ಪ್ರತಿಕೃತಿಯೆಂದರೆ ಕಪಾಟಿನಲ್ಲಿಡುವ ಆಟಿಕೆಯೆಂದು ವಾಚಕರು ತಿಳಿಯಬಾರದು. ರೆಕ್ಕೆಯ ತುದಿಯಿಂದ ತುದಿಗೆ 8 ಅಡಿ 2 ಅಂಗುಲ. ತೂಕ 16 ಕಿಲೋಗ್ರಾಂ. ನೆಲದಲ್ಲಿ ನಿಂತವನು ಕೈಯಲ್ಲಿನ ರೇಡಿಯೋ ಪೆಟ್ಟಿಗೆಯಿಂದ ಅದನ್ನು ನಡೆಸುತ್ತಾನೆ. 2021ರ ಡ್ರೋನ್ ನಿಯಮಗಳು 25 ಕಿಲೋಗ್ರಾಮಿನವರೆಗಿನ ಇಂಥ ಮಾದರಿಗಳನ್ನು ಕಲಿಕೆಗಾಗಿಯೂ ವಿನೋದಕ್ಕಾಗಿಯೂ ಕಣ್ಣಿಗೆ ಕಾಣುವಷ್ಟು ದೂರದಲ್ಲಿಯೇ ಹಾರಿಸಬೇಕೆಂದು ವಿಧಿಸಿರುತ್ತವೆ.

ಇಂಜಿನು ಜಪಾನಿನ ಜೆನೋವಾ ಕಂಪೆನಿಯ ಜಿ-62. ಒಂದೇ ಸಿಲಿಂಡರು, 62 ಘನ ಸೆಂಟಿಮೀಟರು. ಹುಲ್ಲು ಕತ್ತರಿಸುವ ಯಂತ್ರಗಳಲ್ಲಿರುವ ಇಂಜಿನಿನ ಒಡಹುಟ್ಟಿದುದೆನ್ನಬಹುದು. ಇದಕ್ಕೆ ಬೇರೆಯಾಗಿ ಎಣ್ಣೆಯ ತೊಟ್ಟಿಯಿಲ್ಲ. 32 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆಯನ್ನು ಬೆರೆಸಿಯೇ ಕುಡಿಸಬೇಕು. ಇದನ್ನು ಮರದ ವಿಮಾನಕ್ಕೆ ಕೂರಿಸುವುದು ಸಾಮಾನ್ಯ ಕೆಲಸವಲ್ಲ, ಯಾಕಂದರೆ ಒಂಟಿ ಸಿಲಿಂಡರಿನ ಅದಿರು ಯಾವ ಅಂಟನ್ನಾದರೂ ಕಾಲಕ್ರಮದಲ್ಲಿ ಬಿಡಿಸುತ್ತದೆ. ಅಣ್ಣನು ಇಂಜಿನನ್ನು ಹೊರುವ ಅಡ್ಡಹಲಗೆಯನ್ನು 12 ಮಿಲಿಮೀಟರಿನ ಪ್ಲೈವುಡ್ಡಿನಿಂದ ಮಾಡಿ, ಅಂಟಿಸಿದ ಮೇಲೆ ಸುತ್ತಲೂ ಮರದ ಗೂಟಗಳನ್ನು ಬಡಿದು, ಮೂಲೆಗಳಿಗೆ ಮುಮ್ಮೂಲೆಯ ಪಟ್ಟಿಗಳನ್ನು ಒತ್ತುಕೊಟ್ಟಿದ್ದನು. ಬೋಲ್ಟುಗಳೊಂದೊಂದಕ್ಕೂ ಸಡಿಲವಾಗದಂತೆ ಅಂಟುಮದ್ದು. ಇಂಜಿನು ನೇರವಾಗಿ ಮುಂದೆ ನೋಡುವುದಿಲ್ಲ. 2 ಡಿಗ್ರಿಯಷ್ಟು ಬಲಕ್ಕೆ ತಿರುಗಿರುತ್ತದೆ. 22 ಅಂಗುಲದ ಪ್ರೊಪೆಲ್ಲರು ತಿರುಗುವಾಗ ವಿಮಾನವನ್ನು ಎಡಕ್ಕೆ ಎಳೆಯುವುದರಿಂದ ಈ ಓರೆ ಅವಶ್ಯಕ. ಹಂಡೆಮೂತಿ ಮೊಂಡಾದುದರಿಂದ ಮುಂಭಾಗದ ತೂಕ ಸಾಲದೆ ಸೀಸವನ್ನೂ ಸೇರಿಸಬೇಕಾಯಿತು.

ಇಷ್ಟೆಲ್ಲ ಮಾಡಿದ ವಿಮಾನವು ಹಿಂದಿನ ವರ್ಷದ ಡಿಸೆಂಬರಿನಲ್ಲಿ, ಊರ ಹೊರಗಿನ ಬಯಲಿನಲ್ಲಿ, ಆರು ನಿಮಿಷ ಸೊಗಸಾಗಿ ಹಾರಿತು. ಏಳನೆಯ ನಿಮಿಷದಲ್ಲಿ ಇಳಿಜಾರಾಗಿ ವೇಗದಿಂದ ಬಂದು ತಿರುಗುವಾಗ ಇಂಜಿನಿನ ಸದ್ದು ಕುಗ್ಗಿತು, ಮತ್ತೆ ಎದ್ದಿತು, ಆಮೇಲೆ ನಿಂತುಹೋಯಿತು. ಇಷ್ಟು ಭಾರದ ವಿಮಾನವು ಇಂಜಿನಿಲ್ಲದೆ ಗಾಳಿಪಟದಂತೆ ತೇಲುವುದಿಲ್ಲ. ಅದು ಪಕ್ಕದ ರಾಗಿಯ ಹೊಲಕ್ಕೆ ಮೂತಿಯಾಗಿ ಬಿದ್ದಿತು. ಅಲ್ಲಿಂದ ಹದಿನೈದು ಮಾರು ದೂರದಲ್ಲಿ ಹೆಂಗಸೊಬ್ಬಳು ಬಗ್ಗಿ ಕಂತೆ ಕಟ್ಟುತ್ತಿದ್ದಳು. ಆಕೆಗೆ ಏನೂ ಆಗಲಿಲ್ಲ. ಅಣ್ಣನು ಆಕೆಯ ಮನೆಗೆ ಹೋಗಿ ಕೈಮುಗಿದು ಬಂದು, ವಿಮಾನವನ್ನು ಅಟ್ಟಕ್ಕೆ ಹಾಕಿದನು. “ಇನ್ನು ಹಾರಿಸುವುದಿಲ್ಲ” ಎಂದನು. ಆರು ತಿಂಗಳು ಆ ಮಾತನ್ನು ಯಾರೂ ಎತ್ತಲಿಲ್ಲ.

ಜೂನ್ ತಿಂಗಳಲ್ಲಿ ಒಂಬತ್ತನೆಯ ತರಗತಿಗೆ ಉಷ್ಣದ ಪಾಠವನ್ನು ಹೇಳಬೇಕಾಗಿದ್ದಾಗ, ಅದನ್ನು ಶಾಲೆಗೆ ಕೊಡಬೇಕೆಂದು ಕೇಳಿದೆನು. “ಕೆಟ್ಟುಹೋದುದನ್ನು ಮಕ್ಕಳಿಗೆ ತೋರಿಸಿ ಏನು ಮಾಡುತ್ತೀಯೆ?” ಎಂದನು. “ಕೆಟ್ಟದ್ದು ಏಕೆಂದು ತಿಳಿಯಬೇಕಣ್ಣ, ಅದಕ್ಕೇ ಬೇಕು” ಎಂದೆನು. ಪೆಟ್ರೋಲನ್ನು ಪೂರ್ತಿಯಾಗಿ ಬಸಿದು, ಪ್ರೊಪೆಲ್ಲರನ್ನು ಬಿಚ್ಚಿ ತನ್ನಲ್ಲಿಟ್ಟುಕೊಂಡು, ತಾನೇ ತಂದು ಪ್ರಯೋಗಶಾಲೆಯ ಮೇಜಿನ ಮೇಲಿಟ್ಟನು.

ಪೋಷಕರೊಬ್ಬರ ಪತ್ರ ಬಂದುದು ಆಗಲೇ. ಹೆಣ್ಣುಮಕ್ಕಳಿಗೆ ಯುದ್ಧವಿಮಾನದ ಆಟವೇಕೆ, ಅಪಾಯವಾದರೆ ಯಾರು ಹೊಣೆ, ಎಂದು ಕೇಳಿದ್ದರು. ಎರಡೂ ಯೋಗ್ಯವಾದ ಪ್ರಶ್ನೆಗಳೇ. ಅಪಾಯದ ಮಾತಿಗೆ, ಓಡುವ ಇಂಜಿನಿನ ಹತ್ತಿರ ಯಾವ ಹುಡುಗಿಯೂ ಹೋಗಕೂಡದೆಂಬ ನಿಯಮವನ್ನು ಬರೆದು ಗೋಡೆಗೆ ಹಚ್ಚಿದ್ದೆನು. ಅದು ಒಂದು ದಿನವಾದರೂ ಮುರಿಯಲಿಲ್ಲ. ಯುದ್ಧದ ಮಾತು ಅಷ್ಟು ಸುಲಭವಲ್ಲ. ಅಣ್ಣನು ರೆಕ್ಕೆಗಳಲ್ಲಿ ಎಂಟು ಹಿತ್ತಾಳೆಯ ಕೊಳವೆಗಳನ್ನು ಕೂರಿಸಿದ್ದಾನೆ. ಅವು ಯಾತಕ್ಕೆಂದು ಹುಡುಗಿಯರು ಕೇಳಿದಾಗ, ಮೆಷಿನ್‌ಗನ್ನುಗಳೆಂದೂ ಅವುಗಳಿಂದ ಸತ್ತವರಿಗೂ ಮನೆಯಲ್ಲಿ ಕಾಯುವವರಿದ್ದರೆಂದೂ ಮರೆಮಾಡದೆ ಹೇಳಿದೆನು. ಕೆಲಹೊತ್ತು ಯಾರೂ ಮಾತಾಡಲಿಲ್ಲ. ಕೊಳವೆಗಳನ್ನು ಕಿತ್ತುಬಿಡೋಣವೇ ಎಂದು ಒಬ್ಬಳು, ಕಿತ್ತರೆ ಸುಳ್ಳಾಗುತ್ತದೆಂದು ಮತ್ತೊಬ್ಬಳು. ಅವು ಹಾಗೆಯೇ ಇವೆ.

ಇನ್ನು ಉಷ್ಣದ ವಿಚಾರ. ಇಂಥ ಸಣ್ಣ ಇಂಜಿನು ತಾನು ಉರಿಸಿದ ಪೆಟ್ರೋಲಿನ ಶಕ್ತಿಯಲ್ಲಿ ಐದರಲ್ಲೊಂದು ಪಾಲನ್ನು ಪ್ರೊಪೆಲ್ಲರಿಗೆ ಕೊಟ್ಟರೆ ಬಹಳ ಹೆಚ್ಚು. ಉಳಿದುದೆಲ್ಲ ಶಾಖವಾಗಿ ಹೊಗೆಯೊಡನೆ ಹೋಗಬೇಕು, ಇಲ್ಲವೆ ಸಿಲಿಂಡರಿನ ಸುತ್ತ ಎದ್ದಿರುವ ತೆಳು ಏಣುಗಳ ಮೂಲಕ ಗಾಳಿಗೆ ಸೇರಬೇಕು. ಸೇರದಿದ್ದರೆ ಪಿಸ್ಟನ್ನು ಹಿಗ್ಗಿ ಸಿಲಿಂಡರಿಗೆ ಬಿಗಿಯುತ್ತದೆ. ಹುಲ್ಲು ಕತ್ತರಿಸುವ ಯಂತ್ರದಲ್ಲಿ ಇದಕ್ಕಾಗಿಯೇ ಒಂದು ಬೀಸುಚಕ್ರವೂ ಗಾಳಿಯನ್ನು ಸಿಲಿಂಡರಿಗೆ ಒತ್ತುವ ಕವಚವೂ ಇರುತ್ತವೆ. ವಿಮಾನದಲ್ಲಿ ಅವೆರಡೂ ಇಲ್ಲ. ಮೂತಿಯ ಹೊದಿಕೆಯೇ ಆ ಕೆಲಸವನ್ನು ಮಾಡಬೇಕು.

“ಇಷ್ಟು ದೊಡ್ಡ ಬಾಯಿದೆ, ಗಾಳಿಗೆ ಏನು ಕೊರತೆ?” ಎಂದು ಅಣ್ಣನು ನಂಬಿದ್ದನು. ನೋಡುವವರೆಲ್ಲರೂ ಹಾಗೆಯೇ ನಂಬುವರು. ಹುಡುಗಿಯರು ಬಿರುಕುಬಿಟ್ಟಿದ್ದ ಹೊದಿಕೆಯ ಪಕ್ಕದಲ್ಲಿ ಕಿಟಕಿ ಕೊರೆದು ಪಾರದರ್ಶಕ ಹಾಳೆಯನ್ನು ಅಂಟಿಸಿ, ಎದುರಿಗೆ ಕಂಬದ ಫ್ಯಾನನ್ನಿಟ್ಟು, ಊದುಬತ್ತಿಯ ಹೊಗೆಯನ್ನು ಹಿಡಿದರು. ಹೊಗೆಯು ಬಾಯಿಯೊಳಕ್ಕೆ ಒಂದು ಗೇಣು ಹೋಗಿ, ಅಲ್ಲಿಯೇ ಸುಳಿಸುತ್ತಿ, ಬಾಯಿಯ ಅಂಚಿನಿಂದಲೇ ತಿರುಗಿ ಹೊರಗೆ ಬಂದಿತು! ಸಿಲಿಂಡರಿಗೆ ಅಂಟಿಸಿದ್ದ ಉಣ್ಣೆಯ ಎಳೆಗಳು ಕದಲಲೇ ಇಲ್ಲ.

ಆಗ ಒಬ್ಬ ಹುಡುಗಿಯು ನುಡಿದುದನ್ನು ಬರೆಯಲೇಬೇಕು. ಅವಳ ತಾಯಿ ಸಣ್ಣದೊಂದು ಖಾನಾವಳಿಯನ್ನು ನಡೆಸುತ್ತಾಳೆ. “ಮಿಸ್, ನಮ್ಮ ಅಡಿಗೆಮನೆಗೂ ಎರಡು ದೊಡ್ಡ ಬಾಗಿಲಿದ್ದವು, ಆದರೂ ಹೊಗೆ ಹೋಗುತ್ತಿರಲಿಲ್ಲ. ಮೇಲೆ ದಾರಿ ಮಾಡಿದ ಮೇಲೆ ಬಾಗಿಲಿನಿಂದ ಗಾಳಿ ತಾನಾಗಿಯೇ ಬಂತು. ಇದಕ್ಕೆ ಹೊರದಾರಿ ಎಲ್ಲಿದೆ?” ಎಂದಳು.

ಅಳೆದು ನೋಡಿದರು. ಚೌಕಳಿಯ ಕಾಗದದ ಮೇಲೆ ಆಕಾರವನ್ನು ಬರೆದು ಚೌಕಗಳನ್ನು ಎಣಿಸಿದಾಗ, ಬಾಯಿ 300 ಚದರ ಸೆಂಟಿಮೀಟರಿಗೂ ಹೆಚ್ಚು. ಗಾಳಿ ಹೊರಡುವ ಸೀಳು ಬರಿಯ 40. ನಿಜವಾದ ವಿಮಾನದಂತೆಯೇ ಕಾಣಲೆಂದು ಅಣ್ಣನು ಸೀಳನ್ನು ಕಿರಿದಾಗಿಟ್ಟಿದ್ದನು. ನಿಜವಾದುದರಲ್ಲಿ ಬೇಕಾದಾಗ ತೆರೆಯುವ ರೆಪ್ಪೆಗಳಿದ್ದವು, ಇದರಲ್ಲಿಲ್ಲ. ಒಳಬಂದ ಗಾಳಿಯು ಕಾದು ಹಿಗ್ಗುವುದರಿಂದ ಹೊರದಾರಿಯು ಒಳದಾರಿಯ ಎರಡರಷ್ಟಾದರೂ ಇರಬೇಕೆಂಬುದು ಈ ವಿದ್ಯೆಯವರ ಲೆಕ್ಕ.

ಇದರಲ್ಲಿ ಅಚ್ಚರಿಯೇನಂದರೆ, ದೊಡ್ಡ ವಿಮಾನಗಳವರೂ ಮೊದಲು ಇದೇ ರೀತಿ ಎಣಿಸಿದ್ದರು. ಗಾಳಿಯಿಂದ ತಣಿಯುವ ಸಿಲಿಂಡರುಗಳನ್ನು ಬಯಲಿಗೆ ಬಿಟ್ಟರೇನೇ ಕ್ಷೇಮವೆಂಬ ಅಭಿಪ್ರಾಯವಿತ್ತು. 1928ರಲ್ಲಿ ಅಮೆರಿಕದ ಲ್ಯಾಂಗ್ಲಿ ಪ್ರಯೋಗಾಲಯದಲ್ಲಿ ಫ್ರೆಡ್ ವೀಕ್ ಎಂಬವರೂ ಅವರ ಸಂಗಡಿಗರೂ ಇಂಜಿನನ್ನು ಪೂರ್ತಿಯಾಗಿ ಮುಚ್ಚಿ, ಒಳಗೆ ತಡೆಹಲಗೆಗಳಿಂದ ಗಾಳಿಯನ್ನು ಬೇಕಾದಲ್ಲಿಗೆ ನಡೆಸಿ ನೋಡಿದರು. ಇಂಜಿನು ತಣ್ಣಗೂ ಇದ್ದಿತು, ಕರ್ಟಿಸ್ ಹಾಕ್ ವಿಮಾನದ ವೇಗವು ಗಂಟೆಗೆ 118 ಮೈಲಿಯಿಂದ 137ಕ್ಕೂ ಏರಿತು. ಥಂಡರ್‌ಬೋಲ್ಟಿನ ಸಿಲಿಂಡರುಗಳ ನಡುವೆಯೂ ಇಂಥ ತಗಡುಗಳಿದ್ದವು. ಬಂದ ಗಾಳಿಯೆಲ್ಲ ಏಣುಗಳ ನಡುವೆ ನುಸುಳಿಯೇ ಹೋಗಬೇಕು, ಸುತ್ತಿ ತಪ್ಪಿಸಿಕೊಳ್ಳಬಾರದು.

ನಮ್ಮವರೂ ಹಾಗೆಯೇ ಮಾಡಿದರು. ಬಾಯಿಯ ಬಹುಭಾಗವನ್ನು ತೆಳು ಹಲಗೆಯಿಂದ ಮುಚ್ಚಿ, ಅದರ ಮುಂದೆ ಅಲಂಕಾರದ ಹದಿನೆಂಟು ಸಿಲಿಂಡರುಗಳನ್ನು ಹಾಗೆಯೇ ಉಳಿಸಿ, ತಲೆಕೆಳಗಾಗಿ ಕೂತಿರುವ ನಿಜವಾದ ಸಿಲಿಂಡರಿನ ಎದುರಿಗೆ ಮಾತ್ರ 28 ಚದರ ಸೆಂಟಿಮೀಟರಿನ ದಾರಿಯನ್ನು ಬಿಟ್ಟರು. ಸಿಲಿಂಡರಿನ ಎರಡೂ ಪಕ್ಕಕ್ಕೆ, ಬೆನ್ನಿನವರೆಗೆ, ಅಲ್ಯೂಮಿನಿಯಂ ತಗಡನ್ನು ಮೂರು ನಾಲ್ಕು ಮಿಲಿಮೀಟರು ಬಿಟ್ಟು ಬಾಗಿಸಿದರು. ಮುಖಕ್ಕೆ ಗಾಳಿ ಹೇಗೂ ಬಡಿಯುತ್ತದೆ; ಬೇಯುವುದು ಬೆನ್ನು. ಹೊರದಾರಿಯನ್ನು ಹೊಟ್ಟೆಯ ಕೆಳಗೆ 64 ಚದರ ಸೆಂಟಿಮೀಟರಿಗೆ ಹಿಗ್ಗಿಸಿ, ಅದರ ಮುಂದಿನ ಅಂಚಿಗೆ ಕೆಳಕ್ಕೆ ಬಾಗಿದ ತುಟಿಯೊಂದನ್ನಿಟ್ಟರು; ಆ ತುಟಿಯ ಹಿಂದೆ ಒತ್ತಡ ಕಡಿಮೆಯಾಗಿ ಒಳಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ದೊಡ್ಡ ಬಾಯಿಯನ್ನು ಮುಚ್ಚಿದುದರಿಂದ ಹೆಚ್ಚು ತಣ್ಣಗಾಗುವುದೆಂದರೆ ಅಣ್ಣನಿಗೆ ಒಪ್ಪಿಗೆಯಾಗಲಿಲ್ಲ. ತನ್ನ ಹಿತ್ತಲಿನಲ್ಲಿ ವಿಮಾನವನ್ನು ಕಂಬಕ್ಕೆ ಬಿಗಿದು, ಪ್ಲಗ್ಗಿನ ಬುಡಕ್ಕೆ ಉಷ್ಣಮಾಪಕವನ್ನಿಟ್ಟು ತಾನೊಬ್ಬನೇ ಓಡಿಸಿ ನೋಡಿದನು. ಹಳೆಯ ರೀತಿಯಲ್ಲಿ ನಾಲ್ಕೇ ನಿಮಿಷಕ್ಕೆ 205 ಡಿಗ್ರಿ ದಾಟಿ ಇನ್ನೂ ಏರುತ್ತಿದ್ದುದರಿಂದ ನಿಲ್ಲಿಸಬೇಕಾಯಿತು. ಹೊಸ ರೀತಿಯಲ್ಲಿ 155ಕ್ಕೆ ಏರಿ, ಹತ್ತು ನಿಮಿಷವೂ ಅಲ್ಲಿಯೇ ನಿಂತಿತು. ಆ ಸಂಜೆ ಆತನು ಶಾಲೆಗೆ ಒಂದು ಡಬ್ಬ ಮೈಸೂರುಪಾಕನ್ನು ಕಳುಹಿಸಿದನು. ಬೇರೆ ಮಾತೇನೂ ಇರಲಿಲ್ಲ.

ಆದರೆ ಸಂಘದ ಕಾರ್ಯದರ್ಶಿನಿಗೆ ಸಮಾಧಾನವಾಗಲಿಲ್ಲ. ಇಂಜಿನು ಬಿಸಿಯಾಗಿ ಬಿಗಿದುದಾದರೆ ಮೆಲ್ಲನೆ ಕುಗ್ಗಬೇಕು, ನಡುವೆ ಎದ್ದುದೇಕೆ, ವೇಗದಿಂದ ಬರುವಾಗಲೇ ಕುಗ್ಗಿದುದೇಕೆ ಎಂಬುದು ಅವಳ ಪ್ರಶ್ನೆ. ಈ ಕಾರ್ಬುರೇಟರಿನಲ್ಲಿ ಒಂದು ತೆಳು ಪೊರೆಯಿದ್ದು, ಅದರ ಹೊರಮೈಗೆ ಗಾಳಿ ತಾಗಲು ಸೂಜಿಯಷ್ಟು ತೂತಿರುತ್ತದೆ. ಆ ತೂತಿನ ಬಳಿ ಗಾಳಿಯ ಒತ್ತಡ ಬದಲಾದರೆ ಪೆಟ್ರೋಲಿನ ಪ್ರಮಾಣವೂ ಬದಲಾಗುತ್ತದೆ. ಹುಡುಗಿಯರು ಬಾಗಿದ ಗಾಜಿನ ಕೊಳವೆಗೆ ಬಣ್ಣದ ನೀರು ತುಂಬಿ, ರಬ್ಬರ್ ನಳಿಗೆಯನ್ನು ಹೊದಿಕೆಯೊಳಕ್ಕೆ ಬಿಟ್ಟು ಫ್ಯಾನು ಹಾಕಿದರು. ನೀರು ಒಂದು ಮಿಲಿಮೀಟರಿನಷ್ಟು ಕದಲಿತು. ಇಷ್ಟೇ ತಾನೆ ಎಂದು ನಕ್ಕವರಿಗೆ ಕಾರ್ಯದರ್ಶಿನಿಯು ಹಲಗೆಯ ಮೇಲೆ ಲೆಕ್ಕವನ್ನು ಬರೆದಳು: ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು, ವಿಮಾನದ ವೇಗವು ಫ್ಯಾನಿನ ಗಾಳಿಯ ಆರರಷ್ಟು, ಹಾಗಾದರೆ ಒತ್ತಡ 36ರಷ್ಟು. ನೆಲದ ಮೇಲೆ ಹದಮಾಡಿದ ಮಿಶ್ರಣವು ಆಕಾಶದಲ್ಲಿ ಹದತಪ್ಪುತ್ತಿತ್ತು. ಪೆಟ್ರೋಲು ಕಡಿಮೆಯಾದರೆ ಅದರೊಡನೆ ಬರುವ ಎಣ್ಣೆಯೂ ಕಡಿಮೆ, ಶಾಖವೂ ಹೆಚ್ಚು. ಅಣ್ಣನು ಆ ತೂತಿಗೆ ಸಣ್ಣ ಹಿತ್ತಾಳೆ ಕೊಳವೆಯನ್ನು ಬೆಸೆದು, ಅಲ್ಲಿಂದ ನಳಿಗೆಯೊಂದನ್ನು ಅಡ್ಡಹಲಗೆಯ ಹಿಂದೆ, ಗಾಳಿ ಅಲುಗದ ವಿಮಾನದ ಹೊಟ್ಟೆಯೊಳಕ್ಕೆ ಒಯ್ದನು. ಇಂಜಿನು ನಿರಪರಾಧಿಯೆಂದು ತೀರ್ಮಾನವಾಯಿತು.

ನವೆಂಬರಿನ ಒಂದು ಶನಿವಾರ, ಸುತ್ತ ಹೊಲಗಳಲ್ಲಿ ಯಾರೂ ಇಲ್ಲದ ಬೇರೊಂದು ಬಯಲಿನಲ್ಲಿ ಅದನ್ನು ಹಾರಿಸಲಾಯಿತು. ಪತ್ರ ಬರೆದಿದ್ದ ಪೋಷಕರೂ ಬಂದಿದ್ದರು; ಹುಡುಗಿಯರನ್ನು ಸುಣ್ಣದ ಗೆರೆಯ ಹಿಂದೆ ನಿಲ್ಲಿಸುವ ಕೆಲಸವನ್ನು ಅವರೇ ವಹಿಸಿಕೊಂಡರು, ನನಗಿಂತ ಕಟ್ಟುನಿಟ್ಟಾಗಿ. ಅಣ್ಣನ ಕೈ ನಡುಗುತ್ತಿದ್ದುದನ್ನು ನಾನು ಕಂಡೆನು. ಏಳನೆಯ ನಿಮಿಷ ಬಂದಾಗ ಯಾರೂ ಉಸಿರೆತ್ತಲಿಲ್ಲ. ಗಡಿಯಾರ ಹಿಡಿದಿದ್ದ ಹುಡುಗಿ “ಎಂಟು” ಎಂದಳು, “ಒಂಬತ್ತು” ಎಂದಳು. ಹನ್ನೊಂದನೆಯ ನಿಮಿಷದಲ್ಲಿ ವಿಮಾನವು ಎರಡು ಸಲ ಪುಟಿದು ನೆಲಕ್ಕಿಳಿಯಿತು. ಅತಿ ಹೆಚ್ಚಿನ ಉಷ್ಣ 148 ಡಿಗ್ರಿ.

ಅದು ಚಳಿಗಾಲದ ಬೆಳಗು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಏನಾಗುವುದೋ ನೋಡಬೇಕೆಂದು ಅಣ್ಣನು ಹೇಳುತ್ತಾನೆ. ಹೊರದಾರಿಯನ್ನು ಇನ್ನೊಂದು ಬೆರಳಗಲ ಕತ್ತರಿಸಬೇಕಾದೀತೆಂದು ಹುಡುಗಿಯರು ಹೊದಿಕೆಯ ಮೇಲೆ ಈಗಲೇ ಪೆನ್ಸಿಲಿನಿಂದ ಗೆರೆ ಎಳೆದಿಟ್ಟಿದ್ದಾರೆ.