ಬಣ್ಣಕ್ಕೂ ಮೊದಲು

"ಟೀಚರ್, ಗುಮ್ಮಟದ ಬಣ್ಣ ಉಗುರಿಗೆ ಬರಾಕತ್ತೈತ್ರಿ!"

ತಿಕೋಟಾದಲ್ಲಿ ಪ್ರತಿಧ್ವನಿಯ ಪಾಠಕ್ಕೆಂದು ರೆಸಿನ್‌ನಲ್ಲಿ ಗೇಣೆತ್ತರದ ಗೋಳಗುಮ್ಮಟ ಎರಕ ಹೊಯ್ದಿದ್ದೆ. ಸುಮಾರು 44 ಮೀಟರ್ ವ್ಯಾಸದ ಗುಮ್ಮಟ, ಅದರ ಪಿಸುಮಾತಿನ ಗ್ಯಾಲರಿ ಎಲ್ಲವೂ ಮಕ್ಕಳ ನಗೆಯಲ್ಲಿ ಮುಳುಗಿದವು. ಪಾಠೋಪಕರಣಕ್ಕೆ ಹತ್ತಕ್ಕೆ ಮೂರು ಅಂಕ.

ತಪ್ಪು ಬಣ್ಣದ್ದಲ್ಲ. ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಸವರಿದ ಜಿಡ್ಡು ಮಾದರಿಯ ಮೈಗೂ ಹತ್ತಿರುತ್ತದೆ. ನಾನು ತೊಳೆದಿರಲೇ ಇಲ್ಲ. ಎರಡನೇ ಎರಕವನ್ನು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಕಮಾನಿನ ಸಂದುಸಂದಿನಲ್ಲೂ ತಿಕ್ಕಿದೆ. (ಕುದಿನೀರು ಬೇಡ, ಮಿನಾರು ಬಾಗುತ್ತವೆ.) ಎರಕದ ಗೆರೆಗಳನ್ನು ಸ್ಯಾಂಡ್‌ಪೇಪರ್ ನೆನೆಸಿಯೇ ಉಜ್ಜಿದೆ, ಆ ಧೂಳು ಎದೆಗೆ ಒಳ್ಳೆಯದಲ್ಲ. ಪ್ರೈಮರ್ ಮತ್ತೆ ಕೈಕೊಟ್ಟಿತು. ವಿಜಯಪುರದ ಮಧ್ಯಾಹ್ನದ ಬಿಸಿಲಿಗೆ ಸ್ಪ್ರೇ ಹನಿಗಳು ಗಾಳಿಯಲ್ಲೇ ಒಣಗಿ, ಮೈ ರವೆರವೆಯಾಯಿತು. ಉಜ್ಜಿ ತೆಗೆದು, ಮರುದಿನ ಬೆಳಿಗ್ಗೆ ಆರಕ್ಕೆ ಮಾಳಿಗೆಯ ಮೇಲೆ ತೆಳುವಾಗಿ ಎರಡು ಸಲ ಹೊಡೆದೆ. ನಿಂತಿತು.

ಬಬಲೇಶ್ವರದಲ್ಲಿ ನನ್ನ ಪಾಠ ಸಾಬೂನು. ಬಣ್ಣ ಬಳಿದ ಎರಡು ಮಿನಾರು ಒಯ್ದೆ: ಒಂದು ತೊಳೆದದ್ದು, ಒಂದು ತೊಳೆಯದ್ದು. ಯಾವುದು ಯಾವುದೆಂದು ಹೇಳಲಿಲ್ಲ. ಮಕ್ಕಳೇ ಕೆರೆದು ನೋಡಿದರು. ಸಾಬೂನಿನ ಅಣುವಿನ ಒಂದು ತುದಿ ಜಿಡ್ಡನ್ನು, ಇನ್ನೊಂದು ನೀರನ್ನು ಹಿಡಿಯುತ್ತದೆಂದು ಬರೆಯಲು ಬೋರ್ಡಿನತ್ತ ತಿರುಗಿದ್ದೆ, ಹಿಂದಿನ ಬೆಂಚಿನವನು ಕೇಳಿದ: "ಇದರಾಗ ಎಣ್ಣಿ ಹಂಗ ಉಳದೈತೇನ್ರಿ, ಟೀಚರ್?"